ಮಗಳಿದ್ದಾಳೆ, ಎರಡು ಗರ್ಭ ಉಳಿಯಲಿಲ್ಲ, ಈಗ ಗರ್ಭವೇ ಆಗುತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ, ನನ್ನ ಪತಿಗೆ 39. ಹಾಸನ ಜಿಲ್ಲೆಯ ಪಟ್ಟಣವೊಂದರ ಖಾಸಗಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಸಹಜ ಹೆರಿಗೆಯಲ್ಲಿ ಹುಟ್ಟಿದ ಮಗಳಿಗೆ ಈಗ 6 ವರ್ಷ. ಮೂರು ವರ್ಷಗಳ ಹಿಂದೆ ಎರಡನೆಯ ಬಾರಿ ಗರ್ಭಿಣಿಯಾದಾಗ 9ನೇ ವಾರದ ಸ್ಕ್ಯಾನ್‌ನಲ್ಲಿ ಎದೆಬಡಿತ ಇಲ್ಲವೆಂದು ಹೇಳಿ ಡಿ ಅಂಡ್ ಸಿ (ಗರ್ಭಕೋಶದ ಒಳಗನ್ನು ಕೆರೆದು ಸ್ವಚ್ಛಗೊಳಿಸುವುದು) ಮಾಡಿದರು. ಮರುವರ್ಷ 11ನೇ ವಾರದಲ್ಲಿ ಮತ್ತೆ ಹಾಗೆಯೇ ಆಯಿತು, ಮತ್ತೆ ಡಿ ಅಂಡ್ ಸಿ ಆಯಿತು. ಈಗ 14 ತಿಂಗಳಿಂದ ಪ್ರಯತ್ನಿಸುತ್ತಿದ್ದರೂ ಗರ್ಭ ನಿಂತಿಲ್ಲ. ಮೊದಲು 5 ದಿನ ಇರುತ್ತಿದ್ದ ಮುಟ್ಟು ಈಗ ಒಂದೂವರೆ ದಿನಕ್ಕೆ ಮುಗಿಯುತ್ತದೆ. ದಿನವೂ ಬಸ್ಸಿನಲ್ಲಿ ಓಡಾಡಿದ್ದರಿಂದ, ಪರಂಗಿ ಹಣ್ಣು ತಿಂದಿದ್ದರಿಂದ ಹೀಗಾಯಿತೇ? ಅತ್ತೆಯವರು ಸರ್ಪದೋಷ ಎನ್ನುತ್ತಾರೆ, ಉಳಿದವರು ‘ಒಂದಿದೆಯಲ್ಲ, ಸಾಕು ಬಿಡು’ ಎನ್ನುತ್ತಾರೆ. ಮಗಳು ‘ತಂಗಿ ಯಾವಾಗ ಬರ್ತಾಳೆ’ ಎಂದು ಕೇಳಿದರೆ ಅಡುಗೆಮನೆಗೆ ಹೋಗಿ ಅಳುತ್ತೇನೆ. ಪತಿ ಈ ಮಾತನ್ನೇ ಎತ್ತುವುದಿಲ್ಲ. ಎರಡನೆಯ ಗರ್ಭದ ಮೊದಲ ಸ್ಕ್ಯಾನ್ ಚಿತ್ರ ಬೀರುವಿನಲ್ಲಿ ಸೀರೆಗಳ ಕೆಳಗಿದೆ, ಅದನ್ನು ಎಸೆದುಬಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಬಹುಶಃ ಅಷ್ಟು ಮುಖ್ಯವೆಂದು ಭಾವಿಸದೆ ಬರೆದ ಒಂದು ವಾಕ್ಯವಿದೆ, 5 ದಿನದ ಮುಟ್ಟು ಒಂದೂವರೆ ದಿನಕ್ಕೆ ಇಳಿದಿದೆ ಎಂಬುದು. ಸ್ತ್ರೀರೋಗ ತಜ್ಞೆಯಾಗಿ ನನ್ನ ಕಣ್ಣು ಮೊದಲು ನಿಂತದ್ದು ಅಲ್ಲಿಯೇ. ಆದರೆ ಅದಕ್ಕೂ ಮೊದಲು ಬಸ್ಸು ಮತ್ತು ಪರಂಗಿ ಹಣ್ಣಿನ ವಿಷಯವನ್ನು ಮುಗಿಸೋಣ, ಏಕೆಂದರೆ ತಾನೇ ತಪ್ಪು ಮಾಡಿದೆನೆಂದು ನಂಬಿದ ಹೆಣ್ಣುಮಗಳು ಪರೀಕ್ಷೆಗೆ ಬಂದರೂ ತೀರ್ಪು ಕೇಳಲು ಬಂದವಳಂತೆ ಕುಳಿತಿರುತ್ತಾಳೆ, ಹೇಳಿದ ಯಾವ ಮಾತೂ ಅವಳ ಒಳಗೆ ಇಳಿಯುವುದಿಲ್ಲ.

ಪರೀಕ್ಷೆಯಲ್ಲಿ ಖಚಿತವಾದ ಗರ್ಭಗಳಲ್ಲಿ 100ಕ್ಕೆ 10ರಿಂದ 20 ತಾವಾಗಿಯೇ ನಷ್ಟವಾಗುತ್ತವೆ, ಅವುಗಳಲ್ಲಿ ಬಹುಪಾಲು ಮೊದಲ 12 ವಾರಗಳಲ್ಲಿಯೇ. ಈ ಆರಂಭಿಕ ನಷ್ಟಗಳಲ್ಲಿ ಅರ್ಧದಷ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಹೆಚ್ಚಿನದಕ್ಕೆ, ಭ್ರೂಣದ ಕ್ರೋಮೋಸೋಮುಗಳ, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳ, ಲೆಕ್ಕ ತಪ್ಪಿರುವುದೇ ಕಾರಣ. ನಿಮ್ಮ ಅಂಡಾಣುಗಳು ನೀವು ನಿಮ್ಮ ತಾಯಿಯ ಗರ್ಭದಲ್ಲಿದ್ದಾಗಲೇ ರೂಪುಗೊಂಡವು, ಅರ್ಧ ದಾರಿ ವಿಭಜನೆಯಾಗಿ ಅಲ್ಲಿಯೇ ತಡೆದು ನಿಂತವು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಒಂದು ತಿಂಗಳು ಅವುಗಳಲ್ಲಿ ಒಂದು ಮತ್ತೆ ವಿಭಜನೆಗೆ ತೊಡಗಿ, 23 ಕ್ರೋಮೋಸೋಮುಗಳನ್ನು ಇಟ್ಟುಕೊಂಡು ಉಳಿದದ್ದನ್ನು ಹೊರಹಾಕಬೇಕು. ಆ ಹಂಚಿಕೆಯಲ್ಲಿ ಒಂದು ಹೆಚ್ಚಾದರೆ ಅಥವಾ ಕಡಿಮೆಯಾದರೆ ಭ್ರೂಣ ಕೆಲವು ವಾರ ಬೆಳೆದು ನಿಲ್ಲುತ್ತದೆ. ಅಂದರೆ ಅದರ ಹಣೆಬರಹ ಗರ್ಭಧಾರಣೆಯ ಆಸುಪಾಸಿನಲ್ಲಿಯೇ, ನಿಮಗೆ ಮುಟ್ಟು ತಪ್ಪಿದ್ದು ತಿಳಿಯುವ ಮೊದಲೇ, ಬರೆದಾಗಿರುತ್ತದೆ.

ಇನ್ನೊಂದು ಮಾತು. ಸ್ಕ್ಯಾನ್‌ನಲ್ಲಿ ಎದೆಬಡಿತ ಕಾಣದ ದಿನವೇ ಎದೆಬಡಿತ ನಿಂತ ದಿನವಲ್ಲ. ಇಂತಹ ಸಂದರ್ಭಗಳಲ್ಲಿ ಬೆಳವಣಿಗೆ ಹಲವು ದಿನಗಳ ಹಿಂದೆ, ಕೆಲವೊಮ್ಮೆ ಎರಡು ಮೂರು ವಾರಗಳ ಹಿಂದೆಯೇ ನಿಂತಿರುತ್ತದೆ, ದೇಹಕ್ಕೆ ಆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಆದ್ದರಿಂದ ಸ್ಕ್ಯಾನ್‌ನ ಹಿಂದಿನ ದಿನ ಏನು ತಿಂದೆ, ಎಷ್ಟು ಮೆಟ್ಟಿಲು ಹತ್ತಿದೆ, ಬಸ್ಸು ಯಾವ ಹಂಪಿನ ಮೇಲೆ ಎಗರಿತು ಎಂದು ರಾತ್ರಿಯೆಲ್ಲ ಹುಡುಕುವವರು ತಪ್ಪು ದಿನದಲ್ಲಿ ಹುಡುಕುತ್ತಿರುತ್ತಾರೆ. ಬಸ್ ಪ್ರಯಾಣ ಗರ್ಭವನ್ನು ಬೀಳಿಸುವುದಿಲ್ಲ. ಚೆನ್ನಾಗಿ ಮಾಗಿದ ಪರಂಗಿ ಹಣ್ಣಿನ ನಾಲ್ಕು ಹೋಳುಗಳೂ ಬೀಳಿಸುವುದಿಲ್ಲ. ನೀವು ತಪ್ಪು ಮಾಡಿಲ್ಲ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ, ವೈದ್ಯಕೀಯ ಸತ್ಯವಾದ ಕಾರಣಕ್ಕೆ ಹೇಳುತ್ತಿದ್ದೇನೆ.

ಈಗ ಮುಟ್ಟಿನ ವಿಷಯಕ್ಕೆ ಬರೋಣ. ಗರ್ಭಕೋಶದ ಒಳಪದರಕ್ಕೆ ಎರಡು ಸ್ತರಗಳಿವೆ. ಮೇಲಿನದು ಪ್ರತಿ ತಿಂಗಳು ಕಳಚಿ ಮುಟ್ಟಾಗಿ ಹೊರಬರುತ್ತದೆ, ಕೆಳಗಿನದು ಉಳಿದುಕೊಂಡು ಮುಂದಿನ ತಿಂಗಳ ಪದರವನ್ನು ಬೆಳೆಸುತ್ತದೆ. ಗರ್ಭಿಣಿಯ ಗರ್ಭಕೋಶ ಮೃದುವಾಗಿರುತ್ತದೆ, ಅದನ್ನು ಲೋಹದ ಉಪಕರಣದಿಂದ ಕೆರೆದಾಗ ಕೆಲವರಲ್ಲಿ ಈ ಕೆಳಗಿನ ಸ್ತರಕ್ಕೇ ಪೆಟ್ಟಾಗುತ್ತದೆ, ಮತ್ತು ಗಾಯವಾದ ಎರಡು ಗೋಡೆಗಳು ಮಾಯುವಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 1948ರಲ್ಲಿ ಇದನ್ನು ವಿಸ್ತಾರವಾಗಿ ದಾಖಲಿಸಿದ ಜೋಸೆಫ್ ಆಶರ್‌ಮನ್ ಎಂಬ ವೈದ್ಯರ ಹೆಸರಿನಿಂದ ಇದು ಆಶರ್‌ಮನ್ ಸಿಂಡ್ರೋಮ್ ಎನಿಸಿಕೊಂಡಿದೆ. ಡಿ ಅಂಡ್ ಸಿ ಆದ ಎಲ್ಲರಿಗೂ ಹೀಗಾಗುವುದಿಲ್ಲ, ಹೆಚ್ಚಿನವರಿಗೆ ಆಗುವುದೇ ಇಲ್ಲ. ಆದರೆ ಒಂದಕ್ಕಿಂತ ಹೆಚ್ಚು ಬಾರಿ ಆದಾಗ ಅಪಾಯ ಏರುತ್ತದೆ. ಎರಡು ಡಿ ಅಂಡ್ ಸಿ, ಅದರ ನಂತರ ಕಡಿಮೆಯಾದ ಮುಟ್ಟು, ಅದರ ನಂತರ ನಿಲ್ಲದ ಗರ್ಭ, ಈ ಮೂರೂ ಒಂದೇ ಪತ್ರದಲ್ಲಿ ಬಂದಾಗ ಬೇರೆ ಯಾವ ಚಿಕಿತ್ಸೆಯನ್ನೂ ಆರಂಭಿಸುವ ಮೊದಲು ಗರ್ಭಕೋಶದ ಒಳಗನ್ನು ನೋಡಲೇಬೇಕು. ನೀವು ತಿಂಗಳುಗಟ್ಟಲೆ ಅಂಡೋತ್ಪತ್ತಿಯ ಮಾತ್ರೆ ನುಂಗಿದರೂ ಮೊಳಕೆಯೊಡೆಯಲು ಮಣ್ಣೇ ಇಲ್ಲದಿದ್ದರೆ ಏನು ಪ್ರಯೋಜನ?

ಸಾಮಾನ್ಯ ಹೊಟ್ಟೆಯ ಸ್ಕ್ಯಾನ್‌ನಲ್ಲಿ ಈ ಅಂಟು ತಪ್ಪಿಹೋಗಬಹುದು. ಖಚಿತವಾಗಿ ತೋರಿಸುವುದು ಹಿಸ್ಟರೋಸ್ಕೋಪಿ, ಅಂದರೆ ಗರ್ಭಕೋಶದ ಬಾಯಿಯ ಮೂಲಕ ಸಣ್ಣ ಕ್ಯಾಮೆರಾ ಕಳುಹಿಸಿ ಒಳಗೆ ನೋಡುವುದು. ಮುಟ್ಟು ಮುಗಿದ ಮೊದಲ ಕೆಲವು ದಿನಗಳಲ್ಲಿ ಇದನ್ನು ಮಾಡಿದರೆ ಒಳಗಿನ ನೋಟ ಸ್ಪಷ್ಟವಾಗಿರುತ್ತದೆ. ಅಂಟು ಕಂಡರೆ ಅದೇ ಉಪಕರಣದ ಮೂಲಕ ಬಿಡಿಸುತ್ತಾರೆ, ಪದರ ಮತ್ತೆ ಬೆಳೆಯಲೆಂದು ಹಲವು ವೈದ್ಯರು ಕೆಲವು ವಾರ ಈಸ್ಟ್ರೋಜನ್ ಹಾರ್ಮೋನ್ ಕೊಡುತ್ತಾರೆ, ಅಂಟು ಮರಳಿದೆಯೇ ಎಂದು ಮತ್ತೊಮ್ಮೆ ಇಣುಕಿ ನೋಡುವುದೂ ಉಂಟು. ತೆಳುವಾದ ಅಂಟುಗಳಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ, ದಟ್ಟವಾದವುಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮಾಡಬೇಕಾಗಬಹುದು. ಇದರ ನಂತರ ಗರ್ಭ ನಿಂತವರಲ್ಲಿ ಮಾಸು ಗರ್ಭಕೋಶದ ಗೋಡೆಗೆ ಆಳವಾಗಿ ಅಂಟುವ ಅಪಾಯ ಸ್ವಲ್ಪ ಹೆಚ್ಚಿರುವುದರಿಂದ ಆ ಹೆರಿಗೆ ರಕ್ತದ ವ್ಯವಸ್ಥೆಯಿರುವ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು. ಇಂದೇ ಇದನ್ನು ಹೇಳಲು ಕಾರಣವಿದೆ, ಆ ಹೊತ್ತಿಗೆ ಚೊಚ್ಚಲು ಸುಸೂತ್ರವಾಗಿತ್ತಲ್ಲ ಎಂದು ಎಲ್ಲರೂ ನಿಶ್ಚಿಂತರಾಗಿರುತ್ತಾರೆ.

ನಮ್ಮ ದೇಶದಲ್ಲಿ ಕಡಿಮೆಯಾದ ಮುಟ್ಟಿನ ಹಿಂದೆ ಇನ್ನೊಂದು ಕಾರಣವೂ ಅಡಗಿರಬಹುದು, ಗರ್ಭಕೋಶ ಮತ್ತು ಗರ್ಭನಾಳಗಳ ಕ್ಷಯ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಅದು ಒಳಪದರವನ್ನು ಸುಟ್ಟು ನಾಳಗಳನ್ನು ಮುಚ್ಚಬಲ್ಲದು. ಹಿಸ್ಟರೋಸ್ಕೋಪಿಯ ಸಮಯದಲ್ಲಿಯೇ ಒಳಪದರದ ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಲು ಕೇಳಿಕೊಳ್ಳಿ. ಆದರೆ ಕೈಮೇಲೆ ಹಾಕುವ ಮಾಂಟೂ ಚುಚ್ಚುಮದ್ದು ಊದಿಕೊಂಡಿತೆಂಬ ಒಂದೇ ಕಾರಣಕ್ಕೆ ತಿಂಗಳುಗಟ್ಟಲೆ ಕ್ಷಯದ ಔಷಧಿ ಆರಂಭಿಸಲು ಒಪ್ಪಬೇಡಿ, ನಮ್ಮಲ್ಲಿ ರೋಗವಿಲ್ಲದ ಅನೇಕರಿಗೂ ಅದು ಊದಿಕೊಳ್ಳುತ್ತದೆ.

ಉಳಿದ ಪರೀಕ್ಷೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ, ಗರ್ಭಕೋಶದಲ್ಲಿ ಹುಟ್ಟಿನಿಂದ ಬಂದ ಅಡ್ಡಗೋಡೆ ಇದೆಯೇ ಎಂದು ತಿಳಿಯಲು 3ಡಿ ಸ್ಕ್ಯಾನ್, ಗರ್ಭನಾಳ ತೆರೆದಿದೆಯೇ ಎಂಬ ಪರೀಕ್ಷೆ, ಅಂಡಾಣುಗಳ ಸಂಗ್ರಹವನ್ನು ಅಂದಾಜಿಸುವ ಎಎಂಎಚ್, ಮತ್ತು ರಕ್ತ ಅನವಶ್ಯಕವಾಗಿ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆ. ಕೊನೆಯದು ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರಗಳ ನಂತರ ಮತ್ತೊಮ್ಮೆ ಹಾಗೆಯೇ ಬಂದರೆ ಮಾತ್ರ ಅದಕ್ಕೆ ಅರ್ಥ, ಆಗ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ನಿಜವಾಗಿಯೂ ಗರ್ಭವನ್ನು ಉಳಿಸಬಲ್ಲವು. ಗಂಡ ಹೆಂಡತಿ ಇಬ್ಬರ ಕ್ರೋಮೋಸೋಮ್ ಪರೀಕ್ಷೆ ನಿಮಗೆ ಬೇಕೇ ಎಂಬುದನ್ನು ನಿಮ್ಮ ವೈದ್ಯರು ಕುಟುಂಬದ ಹಿನ್ನೆಲೆ ಕೇಳಿ ನಿರ್ಧರಿಸಲಿ. ಇವುಗಳ ಜೊತೆಗೆ ನಿಮ್ಮ ಕೈಗೆ ಟಾರ್ಚ್ ಎಂಬ, ಕೆಲವು ಸೋಂಕುಗಳ ರಕ್ತಪರೀಕ್ಷೆಯ ಇನ್ನೊಂದು ಪಟ್ಟಿ ಬರಬಹುದು. ಗರ್ಭ ಉಳಿಯದ ಪ್ರತಿ ಹೆಣ್ಣುಮಗಳಿಗೂ ಅದನ್ನು ಬರೆದುಕೊಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಪದೇಪದೇ ಆಗುವ ಗರ್ಭನಷ್ಟಕ್ಕೆ ಆ ಪರೀಕ್ಷೆ ಉತ್ತರ ಕೊಡುವುದಿಲ್ಲ, ಹಳೆಯ ಸೋಂಕಿನ ಗುರುತನ್ನು ತೋರಿಸಿ ಹೆದರಿಸುತ್ತದೆ ಅಷ್ಟೆ. ಪತಿಯ ಬಿಳಿ ರಕ್ತಕಣಗಳನ್ನು ಪತ್ನಿಗೆ ಚುಚ್ಚುವ ಚಿಕಿತ್ಸೆಯನ್ನು ಯಾರಾದರೂ ಸೂಚಿಸಿದರೆ ನಯವಾಗಿ ಎದ್ದು ಬನ್ನಿ, ಅದಕ್ಕೆ ಗಟ್ಟಿಯಾದ ಆಧಾರವಿಲ್ಲ.

ನಿಮ್ಮ ಪತಿಯ ಪರೀಕ್ಷೆಯನ್ನು ನಾನು ಕೊನೆಗೆ ಹೇಳುತ್ತಿದ್ದರೂ ಅದು ಮೊದಲು ಆಗಬೇಕು. ವೀರ್ಯ ಪರೀಕ್ಷೆಗೆ ಅರಿವಳಿಕೆ ಬೇಡ, ಖರ್ಚು ಕಡಿಮೆ, 2ರಿಂದ 7 ದಿನಗಳ ಸಂಯಮದ ನಂತರ ಒಂದು ಬೆಳಗ್ಗೆ ಸಾಕು. ಗರ್ಭ ನಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಅಂಶವೂ ಸೇರಿರುತ್ತದೆ. ‘ನನಗೆ ಮಗಳು ಹುಟ್ಟಿದ್ದಾಳಲ್ಲ’ ಎಂಬುದು ಆರು ವರ್ಷ ಹಳೆಯ ಪುರಾವೆ, ವೀರ್ಯಾಣುಗಳು ಸುಮಾರು ಎರಡೂವರೆ ತಿಂಗಳಿಗೊಮ್ಮೆ ಹೊಸದಾಗಿ ತಯಾರಾಗುತ್ತಿರುತ್ತವೆ. ಬೀಡಿ, ಗುಟ್ಕಾ, ಮದ್ಯ, ಸಕ್ಕರೆ ಕಾಯಿಲೆ, ಬೆಂಕಿಯ ಬಿಸಿಯ ಎದುರು ನಿಲ್ಲುವ ಕೆಲಸ, ಇವೆಲ್ಲ ಈ ನಡುವೆ ಬಂದು ಸೇರಿರಬಹುದು. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಇಬ್ಬರನ್ನೂ ಪರೀಕ್ಷಿಸಬೇಕೆಂಬುದು ನಿಯಮ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು. ನಿಮ್ಮದು 14 ತಿಂಗಳಾಗಿದೆ, ವಯಸ್ಸು ಆ ಗಡಿಯಲ್ಲಿದೆ. ಗಾಬರಿಯಾಗಬೇಕಿಲ್ಲ, ಆದರೆ ಮುಂದಿನ ಬೇಸಿಗೆ ರಜೆಯವರೆಗೆ ಕಾಯಲೂಬೇಡಿ.

ಎರಡು ಗರ್ಭ ಹೋದ ಮೇಲೆ ಮೂರನೆಯದೂ ಹೋಗಿಯೇ ಹೋಗುತ್ತದೆ ಎಂಬ ಭಯವನ್ನು ನಾನು ಪ್ರತಿ ವಾರ ಕೇಳುತ್ತೇನೆ. ನಿಮ್ಮ ವಯಸ್ಸಿನಲ್ಲಿ, ಎರಡು ನಷ್ಟಗಳ ನಂತರವೂ, ನಿಂತ ಗರ್ಭ ಉಳಿಯುವ ಸಾಧ್ಯತೆ ಹೋಗುವ ಸಾಧ್ಯತೆಗಿಂತ ಬಹಳ ಹೆಚ್ಚು. ಮುಂದೆ ಗರ್ಭ ನಿಂತು ಆರಂಭದಲ್ಲಿ ರಕ್ತ ಕಂಡರೆ ಗರ್ಭಕ್ಕೆ ಆಸರೆಯಾಗುವ ಪ್ರೊಜೆಸ್ಟರಾನ್ ಹಾರ್ಮೋನ್ ಸಹಾಯ ಮಾಡಬಲ್ಲದು. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಿಸಂ ಎಂಬ ದೊಡ್ಡ ಅಧ್ಯಯನದಲ್ಲಿ, ಹಿಂದೆ ಗರ್ಭ ಕಳೆದುಕೊಂಡು ಈ ಬಾರಿ ರಕ್ತಸ್ರಾವ ಕಂಡವರಿಗೆ ಅದರಿಂದ ಪ್ರಯೋಜನ ಕಂಡಿತು. ಮತ್ತೊಮ್ಮೆ ನಷ್ಟವಾದರೆ, ಆಗದಿರಲಿ ಎಂದೇ ಹಾರೈಸುತ್ತೇನೆ, ಕೆರೆಯುವ ಡಿ ಅಂಡ್ ಸಿಯ ಬದಲು ಮಾತ್ರೆ ಅಥವಾ ಹೀರುವ ವಿಧಾನವನ್ನು ಕೇಳುವ ಹಕ್ಕು ನಿಮಗಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಕೆರೆಯುವ ಪದ್ಧತಿಯನ್ನು ಬಿಡಬೇಕೆಂದೇ ಹೇಳುತ್ತದೆ. ಹೊರಬಂದ ಅಂಶವನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳುಹಿಸಲೂ ಕೇಳಬಹುದು, ಆಗ ಕಾರಣವಾದರೂ ತಿಳಿಯುತ್ತದೆ.

‘ಒಂದಿದೆಯಲ್ಲ, ಸಾಕು ಬಿಡು’ ಎಂಬ ಮಾತಿನ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯಬೇಕು. ವೈದ್ಯಶಾಸ್ತ್ರ ನಿಮ್ಮ ಸ್ಥಿತಿಯನ್ನು ದ್ವಿತೀಯ ಬಂಜೆತನ ಎನ್ನುತ್ತದೆ, ನನಗೆ ಆ ಪದ ಇಷ್ಟವಿಲ್ಲ. ಬಂಜೆ ಎಂಬುದು ಹೆಣ್ಣಿಗೆ ಮಾತ್ರ ಅಂಟುವ ಪದ, ಮನೆಮಾತಿನಲ್ಲಿ ಗಂಡಿಗೆ ಅದರ ಜೋಡಿಪದವಿಲ್ಲ. ಇನ್ನೊಂದು ಕಡೆ, ಒಂದು ಹೆತ್ತವಳನ್ನು ಊರು ಬಂಜೆ ಎನ್ನುವುದಿಲ್ಲ, ಹಾಗಾಗಿ ಅವಳ ನೋವಿಗೆ ಊರಿನಲ್ಲಿ ಹೆಸರೇ ಇಲ್ಲ. ಸಂಸ್ಕೃತದಲ್ಲಿ ಒಂದೇ ಮಗು ಹೆತ್ತವಳಿಗೆ ಕಾಕವಂಧ್ಯೆ ಎಂಬ ಪದವಿತ್ತು. ಹೆಸರು ಕಠೋರವೇ, ಆದರೆ ಇಂತಹವಳೊಬ್ಬಳಿದ್ದಾಳೆ ಎಂದು ಹಿಂದಿನವರೂ ಗಮನಿಸಿದ್ದರೆಂಬುದಕ್ಕೆ ಅದು ಸಾಕ್ಷಿ. ಮಕ್ಕಳಿಲ್ಲದವರ ನಡುವೆ ನೀವು ಅದೃಷ್ಟವಂತೆ, ಎರಡು ಮಕ್ಕಳ ತಾಯಂದಿರ ನಡುವೆ ‘ಇನ್ನೊಂದು ವಿಶೇಷ ಯಾವಾಗ’ ಎಂದು ಕೇಳಿಸಿಕೊಳ್ಳುವವರು. ಅಳಲು ಎರಡೂ ಕಡೆ ಜಾಗವಿಲ್ಲದೆ ಅಡುಗೆಮನೆಗೆ ಹೋಗುತ್ತೀರಿ.

ಮಗಳ ಮೇಲಿನ ಕೃತಜ್ಞತೆ ಮತ್ತು ಉಳಿಯದೆ ಹೋದ ಇಬ್ಬರ ಮೇಲಿನ ದುಃಖ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ, ಒಂದನ್ನು ಇಟ್ಟರೆ ಇನ್ನೊಂದು ಮೇಲೇಳುವುದಿಲ್ಲ. 9 ವಾರದ ಗರ್ಭ ಕಳೆದವಳು 9 ವಾರದ ಭ್ರೂಣವನ್ನಷ್ಟೇ ಕಳೆದುಕೊಂಡಿರುವುದಿಲ್ಲ. ಹೆರಿಗೆಯ ದಿನಾಂಕವನ್ನು, ತವರಿನಲ್ಲಿ ಆಗಬೇಕಿದ್ದ ಸೀಮಂತವನ್ನು, ಅಕ್ಕನಾಗಬೇಕಿದ್ದ ಮಗಳನ್ನು ಕಳೆದುಕೊಂಡಿರುತ್ತಾಳೆ. ಲಂಡನ್ನಿನ ಮೂರು ಆಸ್ಪತ್ರೆಗಳಲ್ಲಿ ಆರಂಭಿಕ ಗರ್ಭ ಕಳೆದುಕೊಂಡವರನ್ನು ಅನುಸರಿಸಿದ ಒಂದು ಅಧ್ಯಯನದಲ್ಲಿ, ಒಂದು ತಿಂಗಳ ನಂತರ 29 ಪ್ರತಿಶತ ಮಹಿಳೆಯರಲ್ಲಿ ಅಪಘಾತದಿಂದ ಬದುಕಿ ಬಂದವರಲ್ಲಿ ಕಾಣುವಂತಹ ಆಘಾತದ ಲಕ್ಷಣಗಳಿದ್ದವು, ಒಂಬತ್ತು ತಿಂಗಳ ನಂತರವೂ 18 ಪ್ರತಿಶತದಲ್ಲಿ ಉಳಿದಿದ್ದವು. ಸ್ಕ್ಯಾನ್ ಕೋಣೆಯ ಜೆಲ್ಲಿಯ ತಣ್ಣನೆಯ ಸ್ಪರ್ಶ ನೆನಪಾದರೆ ಎದೆ ಹೊಡೆದುಕೊಳ್ಳುವುದು, ಬಸುರಿಯನ್ನು ಕಂಡರೆ ರಸ್ತೆ ದಾಟಿಬಿಡುವುದು, ಇವು ಹೊಟ್ಟೆಕಿಚ್ಚಿನ ಗುರುತಲ್ಲ. ಓರಗಿತ್ತಿಯ ಸೀಮಂತಕ್ಕೆ ಹೋಗಲಾಗದಿದ್ದರೆ ಮುಂಚೆಯೇ ಒಂದು ಸೀರೆ ಕಳುಹಿಸಿ, ಮನೆಯಲ್ಲಿರಿ. ಮಡಿಲು ತುಂಬುವ ಸಾಲಿನಲ್ಲಿ ನಗುತ್ತಾ ನಿಲ್ಲಲೇಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ.

ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಮಗಳ ಊಟ ತಿಂಡಿಯೂ ಭಾರವೆನಿಸಿದರೆ, ಇದ್ದು ಏನು ಮಾಡಲಿ ಎಂಬ ಯೋಚನೆ ಒಮ್ಮೆ ಸುಳಿದರೂ, ತಡಮಾಡದೆ ಸಹಾಯ ಪಡೆಯಿರಿ. 14416 ಎಂಬ ಟೆಲಿ ಮನಸ್ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿಯೂ ಮನೋವೈದ್ಯರು ಸಿಗುತ್ತಾರೆ.

ನಿಮ್ಮ ಪತಿ ಮಾತೆತ್ತುವುದಿಲ್ಲ ಎಂದಿದ್ದೀರಿ. ಡಿ ಅಂಡ್ ಸಿಯ ದಿನ ಹೊರಗೆ ಬೆಂಚಿನ ಮೇಲೆ ಕುಳಿತ ಗಂಡಸಿಗೆ ನಮ್ಮ ಆಸ್ಪತ್ರೆಗಳು ಸಹಿ ಹಾಕುವ ಮತ್ತು ಹಣ ಕಟ್ಟುವ ಕೆಲಸವನ್ನು ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ನೀವು ಅಳುತ್ತೀರೆಂದು ಅವರು ಮಾತೆತ್ತುವುದಿಲ್ಲ, ಅವರು ಮಾತೆತ್ತುವುದಿಲ್ಲವೆಂದು ನೀವು ಒಬ್ಬರೇ ಅಳುತ್ತೀರಿ, ಎಷ್ಟೋ ಮನೆಗಳಲ್ಲಿ ನಾನು ಕಂಡದ್ದು ಇದನ್ನೇ. ‘ನಿಮಗೆ ಏನನ್ನಿಸಿತು’ ಎಂಬ ದೊಡ್ಡ ಪ್ರಶ್ನೆಗೆ ಹೆಚ್ಚಿನ ಗಂಡಸರ ಬಳಿ ಉತ್ತರವಿರುವುದಿಲ್ಲ, ‘ಆ ದಿನ ಹೊರಗೆ ಕುಳಿತಿದ್ದಾಗ ಏನು ಮಾಡುತ್ತಿದ್ದಿರಿ’ ಎಂದು ಕೇಳಿ ನೋಡಿ. ಮುಟ್ಟಿನ ಲೆಕ್ಕ ಹಿಡಿದು ದಿನಾಂಕಕ್ಕೆ ಮಲಗುವುದು ಇಬ್ಬರಿಗೂ ಕೆಲಸವಾಗಿಬಿಟ್ಟಿದ್ದರೆ, ಒಂದು ತಿಂಗಳು ಲೆಕ್ಕವನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಎರಡು ಮೂರು ದಿನಕ್ಕೊಮ್ಮೆಯ ಸಹಜ ಸಾಂಗತ್ಯ ಸಾಕು.

ಮಗಳಿಗೆ ನಿಜವನ್ನೇ ಹೇಳಿ, ಅವಳ ಅಳತೆಗೆ ಕತ್ತರಿಸಿ ಹೇಳಿ. ‘ಹೊಟ್ಟೆಯಲ್ಲಿ ಪಾಪು ಬೆಳೆಯಲು ಶುರುವಾಗಿತ್ತು, ಆದರೆ ಬೆಳೆಯಲಿಲ್ಲ, ಅದಕ್ಕೆ ಅಮ್ಮನಿಗೆ ಬೇಜಾರು, ಇನ್ನೊಂದು ಪಾಪು ಬರುತ್ತೋ ಇಲ್ಲವೋ ಅಮ್ಮನಿಗೂ ಗೊತ್ತಿಲ್ಲ’ ಎಂಬಷ್ಟು ಸಾಕು. ಪಾಪು ಮಲಗಿದೆ ಎನ್ನಬೇಡಿ, ಮಲಗಲು ಹೆದರುವ ಮಕ್ಕಳನ್ನು ಕಂಡಿದ್ದೇನೆ. ತಾನು ಹಟ ಮಾಡಿದ್ದಕ್ಕೆ ಪಾಪು ಹೋಯಿತೆಂದು ಆರು ವರ್ಷದ ಮಕ್ಕಳು ಗುಟ್ಟಾಗಿ ನಂಬುವುದುಂಟು, ಅವಳು ಕೇಳದಿದ್ದರೂ ‘ನಿನ್ನಿಂದ ಆಗಿದ್ದಲ್ಲ’ ಎಂಬ ಮಾತನ್ನು ನೀವಾಗಿಯೇ ಸೇರಿಸಿ.

ಸರ್ಪದೋಷದ ಬಗ್ಗೆ. ಕುಕ್ಕೆಗೆ ಅಥವಾ ಘಾಟಿಗೆ ಹೋಗಿ ಪೂಜೆ ಮಾಡಿಸಿದರೆ ಅತ್ತೆಯವರಿಗೆ, ನಿಮಗೆ ನೆಮ್ಮದಿ ಸಿಗುವುದಾದರೆ ಹೋಗಿ ಬನ್ನಿ, ಬೇಡವೆನ್ನಲು ನನಗೆ ಕಾರಣವಿಲ್ಲ. ಅತ್ತೆಯವರೂ ಇಬ್ಬರು ಮೊಮ್ಮಕ್ಕಳನ್ನು ಕಳೆದುಕೊಂಡವರೇ, ಅವರ ದುಃಖಕ್ಕೆ ಅವರಿಗೆ ಗೊತ್ತಿರುವ ಭಾಷೆ ಅದು. ಆದರೆ ಹಿಸ್ಟರೋಸ್ಕೋಪಿಯ ದಿನಾಂಕ ಪೂಜೆಯ ದಿನಾಂಕಕ್ಕಾಗಿ ಮುಂದೆ ಹೋಗಬಾರದು, ಪೂಜೆಗೆ ಸಾಲ ಮಾಡಬಾರದು, ದೋಷ ಎಂಬ ಪದ ಯಾರ ಬಾಯಲ್ಲಿಯೂ ನಿಮ್ಮ ಹೆಸರಿನ ಜೊತೆ ಸೇರಬಾರದು.

ಶಿಕ್ಷಕಿಯಾದ್ದರಿಂದ ಇದೂ ತಿಳಿದಿರಲಿ. ಗರ್ಭನಷ್ಟವಾದ ಉದ್ಯೋಗಸ್ಥ ಮಹಿಳೆಗೆ 6 ವಾರಗಳ ವೇತನಸಹಿತ ರಜೆಯನ್ನು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಕೊಟ್ಟಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ವೈದ್ಯರ ಪತ್ರ ಬೇಕಾಗುತ್ತದೆ. ನನ್ನ ಬಳಿ ಬರುವ ಹೆಚ್ಚಿನ ಶಿಕ್ಷಕಿಯರು ಮೂರನೆಯ ದಿನ ತರಗತಿಗೆ ಹೋಗಿ ನಿಂತವರು, ಕೇಳಿದರೆ ಜ್ವರವೆಂದು ರಜೆ ಹಾಕಿದ್ದೆ ಎನ್ನುತ್ತಾರೆ.

ಚಿಕಿತ್ಸೆ ಎಲ್ಲಿಯವರೆಗೆ ಎಂಬುದನ್ನು ಮೊದಲೇ ಇಬ್ಬರೂ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು. ಐವಿಎಫ್ (ಪ್ರನಾಳ ಶಿಶು) ಮಾತು ಬಂದರೆ, ಆ ಕೇಂದ್ರ 2021ರ ಎಆರ್‌ಟಿ (ಸಹಾಯಿತ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಿ, ಗರ್ಭಕೋಶದ ಒಳಗನ್ನು ನೋಡದೆ ನೇರವಾಗಿ ಐವಿಎಫ್‌ಗೆ ಕರೆಯುವವರಿಂದ ದೂರವಿರಿ. ಒಂದು ಹಂತದಲ್ಲಿ ‘ನಾವು ಮೂವರು ಸಾಕು’ ಎಂದು ನೀವಿಬ್ಬರೂ ತೀರ್ಮಾನಿಸಿದರೆ ಅದು ಸೋಲಲ್ಲ. ಆದರೆ ಆ ಮಾತು ನಿಮ್ಮ ಬಾಯಿಂದ, ನಿಮ್ಮ ಸಮಯಕ್ಕೆ ಬರಬೇಕು. ಪಕ್ಕದ ಮನೆಯವರ ಬಾಯಿಂದಲ್ಲ.

ವೈದ್ಯರ ಬಳಿ ಹೋಗುವಾಗ ಎರಡೂ ಡಿ ಅಂಡ್ ಸಿಯ ಡಿಸ್ಚಾರ್ಜ್ ಪತ್ರಗಳನ್ನು, ಹಳೆಯ ರಕ್ತಪರೀಕ್ಷೆಗಳನ್ನು, ರಕ್ತದ ಗುಂಪಿನ ಚೀಟಿಯನ್ನು ತೆಗೆದುಕೊಂಡು ಹೋಗಿ. ಗುಂಪು ನೆಗೆಟಿವ್ ಆಗಿದ್ದರೆ, ಮುಂದಿನ ಗರ್ಭದ ಮಗುವಿನ ರಕ್ತಕ್ಕೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದನ್ನು ಆಗ ಕೊಟ್ಟಿದ್ದರೇ ಎಂದು ಕೇಳಿ. ಬೀರುವಿನಲ್ಲಿರುವ ಆ ಚಿತ್ರವನ್ನು ಎಸೆಯಬೇಡಿ, ಅದನ್ನೂ ಫೈಲಿಗೆ ಸೇರಿಸಿ. ಅದರ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಭ್ರೂಣದ ಉದ್ದ ಮತ್ತು ಆ ದಿನದ ತಾರೀಖು ಇರಬಹುದು, ನಂತರದ ಸ್ಕ್ಯಾನ್‌ನೊಂದಿಗೆ ಹೋಲಿಸಿ ಬೆಳವಣಿಗೆ ಯಾವಾಗ ನಿಂತಿತೆಂದು ಅಂದಾಜಿಸಲು ನಿಮ್ಮ ವೈದ್ಯರಿಗೆ ಅದು ನೆರವಾಗುತ್ತದೆ. ಅವರು ನೋಡಿ ಹಿಂದಿರುಗಿಸಿದ ಮೇಲೆ ಮತ್ತೆ ಸೀರೆಗಳ ಕೆಳಗೆ ಇಡಬಹುದು, ಎಲ್ಲಿಟ್ಟಿದ್ದೀರೆಂದು ಈ ಬಾರಿ ನಿಮ್ಮ ಪತಿಗೂ ಹೇಳಿ.